ಒಬ್ಬರನ್ನೇ ನೆಚ್ಚುವ ನಾಯಿ

ನನ್ನ ವಾರಗಿತ್ತಿಯ ಮನೆಗೆ ಲ್ಯಾಬ್ರಡಾರ್ ಮರಿ ಬಂದ ದಿನ ನನಗೆ ಊಟ ಸೇರಲಿಲ್ಲ. ಹೇಳಿಕೊಳ್ಳಲು ನಾಚಿಕೆಯೇನಿಲ್ಲ, ಹೊಟ್ಟೆಕಿಚ್ಚು. ಅವಳು ನನ್ನ ಮೈದುನನ ಹೆಂಡತಿ. ಕುಮಟೆಯಲ್ಲಿ ನಮ್ಮದು ಒಂದೇ ಅಂಗಳ, ಒಂದೇ ಬಾವಿ, ಅಡುಗೆಮನೆ ಮಾತ್ರ ಎರಡು. ಅವಳು ಸೊಸೆಯಾಗಿ ಬಂದಾಗಿನಿಂದ ಎಲ್ಲರೂ ಅವಳ ಕಡೆಗೇ. ಅತ್ತೆಗೆ ಬೆನ್ನು ತಿಕ್ಕಲು ಅವಳೇ ಬೇಕು. ಮೀನು ತರುವ ಹೆಂಗಸು ನನಗೆ ಎಣಿಸಿ ಕೊಟ್ಟು, ಅವಳ ತಟ್ಟೆಗೆ ಒಂದು ಬಂಗಡೆ ಹೆಚ್ಚಿಗೆ ಹಾಕಿ ನಗುತ್ತಾಳೆ. ಈಗ ಬಾಲ ಅಲ್ಲಾಡಿಸಲು ಒಂದು ನಾಯಿಯೂ ಬಂತು.

ನನಗಿದ್ದ ಸಮಾಧಾನವೆಂದರೆ, ಆ ಲ್ಯಾಬ್ರಡಾರ್ ಎಲ್ಲರಿಗೂ ಬಾಲ ಅಲ್ಲಾಡಿಸುತ್ತಿತ್ತು. ಗ್ಯಾಸ್ ಸಿಲಿಂಡರ್ ತರುವವನ ಮೈಮೇಲೂ ಹಾರಿ ಮುಖ ನೆಕ್ಕುತ್ತಿತ್ತು. ಕಳ್ಳ ಬಂದರೆ ದಾರಿ ತೋರಿಸಿ ಕಳಿಸೀತು ಎಂದು ನಾನು ಗಂಡನ ಹತ್ತಿರ ಆಡಿಕೊಂಡೆ. ಎಷ್ಟು ಹಾಕಿದರೂ ತಿನ್ನುವ ಜಾತಿ ಅದು. ಅತ್ತೆ ದೋಸೆ, ಅವಲಕ್ಕಿ, ಬಾಳೆಹಣ್ಣು ಎಲ್ಲ ಕೊಟ್ಟು ಕೊಟ್ಟು ವರ್ಷದೊಳಗೆ ಅದರ ಸೊಂಟ ಕಾಣದಂತೆ ಮಾಡಿದರು.

ಅದರ ಕಿವಿಗೆ ಹುಣ್ಣಾದಾಗ ಹೊನ್ನಾವರದ ದನದ ಡಾಕ್ಟರ ಹತ್ತಿರ ಹೋದವಳು ಅವಳು. ಜೊತೆಗೆ ನಾನೂ ಹೋಗಿದ್ದೆ. ಸಮುದ್ರದಲ್ಲಿ ಈಜಿ ಬಂದ ಮೇಲೆ ಕಿವಿ ಒರೆಸಬೇಕು, ಊಟ ಅಳೆದು ಹಾಕಬೇಕು ಎಂದು ಅವರು ಅವಳಿಗೆ ಹೇಳಿದರು. ಅವಳು ಬಿಲ್ಲು ಕೊಡುತ್ತಿರುವಾಗ ನಾನು ಮೆಲ್ಲಗೆ, ಎಲ್ಲರಿಗೂ ಮೈ ಒಡ್ಡದ ನಾಯಿ ಯಾವುದು ಎಂದು ಕೇಳಿದೆ. ಅಲ್ಸೇಶಿಯನ್ ಎಂದರು. ಮನೆಯವರೆಲ್ಲರನ್ನೂ ಸೇರಿಸಿಕೊಂಡರೂ ಒಳಗೊಳಗೇ ಒಬ್ಬರನ್ನು ಆರಿಸಿಕೊಳ್ಳುತ್ತದಂತೆ. ನಮ್ಮ ಕರಾವಳಿಯ ಸೆಕೆಗೆ ಅದರ ದಪ್ಪ ಕೂದಲು ಕಷ್ಟ, ದಿನಾ ಬಾಚಬೇಕು, ಮಳೆಗಾಲದಲ್ಲಿ ಉಣ್ಣೆಹುಳ ಹತ್ತುತ್ತದೆ, ಎಲ್ಲಕ್ಕಿಂತ ಹೆಚ್ಚಾಗಿ ಅದಕ್ಕೆ ಕೆಲಸ ಬೇಕು, ಸುಮ್ಮನೆ ಕೂರಿಸಿದರೆ ಕೆಡುತ್ತದೆ ಎಂದೂ ಹೇಳಿದರು. ನನ್ನ ಕಿವಿಗೆ ಬಿದ್ದದ್ದು 'ಒಬ್ಬರನ್ನು' ಎಂಬುದು ಮಾತ್ರ. ಆ ಒಬ್ಬರು ನಾನಾಗಬೇಕಿತ್ತು.

ನನಗೆ ಭಟ್ಕಳದಲ್ಲಿ ಗುಮಾಸ್ತೆ ಕೆಲಸ. ಅಲ್ಲಿ ಪರಿಚಯದವರ ಮನೆಯ ಅಲ್ಸೇಶಿಯನ್ ಮರಿ ಹಾಕಿದೆ ಎಂದು ತಿಳಿದು, ಒಂದು ಗಂಡುಮರಿಯನ್ನು ಮಡಿಲಲ್ಲಿ ಹಾಕಿಕೊಂಡು ಬಂದೆ. ದಾರಿಯುದ್ದಕ್ಕೂ ಅವನು ನನ್ನ ಸೀರೆಯ ನೆರಿಗೆಯೊಳಗೆ ಮೂತಿ ತೂರಿಸಿದ್ದ. ವಾರಗಿತ್ತಿಯ ನಾಯಿ ನನಗೆ 'ಅದು', ನನ್ನದು 'ಅವನು'.

ಬೆಳಿಗ್ಗೆ ಎದ್ದು ಸಮುದ್ರದ ದಂಡೆಗೆ ಕರೆದೊಯ್ಯುತ್ತಿದ್ದೆ. ಸಂಜೆ ಬಂದು ಬಾಚುತ್ತಿದ್ದೆ. ನನ್ನ ತಲೆ ಒಂದು ದಿನವೂ ಹೀಗೆ ಬಾಚಲಿಲ್ಲವಲ್ಲ ಎಂದು ನನ್ನ ಬಕ್ಕತಲೆಯ ಗಂಡ ಚೇಷ್ಟೆ ಮಾಡುತ್ತಿದ್ದ. ನಾನು ಸ್ನಾನಕ್ಕೆ ಹೋದರೆ ನನ್ನ ಅಲ್ಸೇಶಿಯನ್ ಬಚ್ಚಲ ಬಾಗಿಲಲ್ಲೇ ಮಲಗಿರುತ್ತಿದ್ದ. ವಾರಗಿತ್ತಿ ಕರೆದರೆ ಒಮ್ಮೆ ನೋಡಿ, ಮುಖ ತಿರುಗಿಸಿ ನನ್ನ ಕಡೆ ಬರುತ್ತಿದ್ದ. ಆಗ ನನಗಾಗುತ್ತಿದ್ದ ಖುಷಿ, ಮದುವೆಯ ದಿನವೂ ಆಗಿರಲಿಲ್ಲ. ಬೇಕೆಂದೇ ಅವಳ ಜಗುಲಿಯ ಮುಂದೆ ಅವನನ್ನು ಎರಡೆರಡು ಸಲ ಸುತ್ತಾಡಿಸುತ್ತಿದ್ದೆ.

ಶ್ರಾವಣ ಬಂತು. ನಮ್ಮ ಮನೆಯಲ್ಲಿ ಶ್ರಾವಣ ಹಿಡಿದರೆ ಚೌತಿ ಮುಗಿಯುವವರೆಗೆ ಮೀನು ಒಳಗೆ ಬರುವುದಿಲ್ಲ. ನಾನು ಅವನಿಗೂ ಶ್ರಾವಣ ಹಿಡಿಸಿದೆ. ಮನೆಯ ಮಗನಂತೆ ಸಾಕಿದವನು ಮನೆಯ ನೇಮ ಬಿಡಬಾರದು ಎಂದು ನನ್ನ ಲೆಕ್ಕ. ಅತ್ತೆಯೂ ಅಪರೂಪಕ್ಕೆ ನನ್ನನ್ನು ಹೊಗಳಿದರು. ಮೊಸರನ್ನ, ಬೇಳೆ ತಿಂದು ತಿಂದು ಅವನ ಕೂದಲು ಹಿಡಿ ಹಿಡಿಯಾಗಿ ಉದುರತೊಡಗಿತು, ಮೈಯೆಲ್ಲ ತುರಿಕೆ. ಒಂದು ರವಿವಾರ ಹಿಂದುಗಡೆ ಹೋಗಿ ನೋಡಿದರೆ ವಾರಗಿತ್ತಿ ಹೊರಗಿನ ಬಚ್ಚಲೊಲೆಯ ಮೇಲೆ ತಾರ್ಲೆ ಮೀನು ಬೇಯಿಸುತ್ತಿದ್ದಾಳೆ, ಅವಳ ನಾಯಿಯ ಪಕ್ಕ ನನ್ನವನೂ ಕೂತಿದ್ದಾನೆ. ಅವಳೂ ನೇಮದವಳೇ, ಆಮೇಲೆ ಮಿಂದೇ ಒಳಗೆ ಹೋಗುತ್ತಿದ್ದಳು.

"ಅಕ್ಕಾ, ಶ್ರಾವಣ ನಮ್ದು," ಎಂದಳು. "ನಾಯಿಗೆ ಎಂತಕ್ಕೆ?"

ಅವಳು ಹೇಳಿದ್ದು ಸರಿಯಿತ್ತು, ಅದಕ್ಕೇ ಇನ್ನಷ್ಟು ಉರಿಯಿತು. ಚೌತಿ ಮುಗಿದದ್ದೇ ತಡ ದೊಡ್ಡ ದೊಡ್ಡ ಬಂಗಡೆ ತಂದು ಬೇಯಿಸಿ, ಮುಳ್ಳು ತೆಗೆದು ಅವನ ಮುಂದಿಟ್ಟೆ. ಪೂರ್ತಿ ತಿಂದ. ಬಾಯಿ ನೆಕ್ಕಿಕೊಂಡು ಎದ್ದು ಅಂಗಳ ದಾಟಿ ಅವಳ ಜಗುಲಿಗೆ ಹೋಗಿ ಮಲಗಿದ. ಮೀನಿನ ಆಸೆಗೆ ಹೋದವನು ಎಂದುಕೊಂಡಿದ್ದೆನಲ್ಲ, ಆ ನೆಪವೂ ಹೋಯಿತು.

ಕಾರಣ ತಿಳಿದದ್ದು ಮಳೆ ನಿಂತ ಮೇಲೆ, ನಾನು ರಜೆ ಹಾಕಿ ಮನೆಯಲ್ಲಿದ್ದ ಒಂದು ದಿನ. ಅವಳು ಅಂಗಳದಲ್ಲಿ ಕೊಬ್ಬರಿ ಒಣಗಲು ಹರವಿ, ಅವನಿಗೆ "ನೋಡ್ಕೋ" ಎಂದು ಒಳಗೆ ಹೋದಳು. ಅವನು ಚಾಪೆಯ ಮೂಲೆಯಲ್ಲಿ ಕಿವಿ ನಿಮಿರಿಸಿ ಕೂತ. ಕಾಗೆ ಇಳಿದರೆ ಎದ್ದ, ಬೀದಿ ದನ ಬಂದರೆ ಗೇಟಿನವರೆಗೆ ಅಟ್ಟಿ ತಿರುಗಿ ಬಂದ. ಒಂದು ಹೋಳಿಗೂ ಬಾಯಿ ಹಾಕಲಿಲ್ಲ. ಅವಳ ಲ್ಯಾಬ್ರಡಾರ್ ಕೊಬ್ಬರಿ ಕದಿಯಲು ಬಂದರೆ ಅದನ್ನೂ ಬಿಡಲಿಲ್ಲ. ನಾನು ಕರೆದೆ. ಬಾಲ ಆಡಿಸಿದ, ಏಳಲಿಲ್ಲ. ನಾನು ಅವನಿಗೆ ಬಾಚಣಿಗೆ ಕೊಟ್ಟಿದ್ದೆ, ಮಡಿಲು ಕೊಟ್ಟಿದ್ದೆ. ನಾನು ಭಟ್ಕಳದಲ್ಲಿ ಫೈಲು ನೋಡುತ್ತಿದ್ದ ಹೊತ್ತಿನಲ್ಲಿ ಅವಳು ಅವನಿಗೆ ಕೆಲಸ ಕೊಟ್ಟಿದ್ದಳು.

ನನಗೆ ತಡೆಯಲಾಗಲಿಲ್ಲ. ಎಲ್ಲರೂ ನಿನ್ನವರೇ ಆಗಿದ್ದಾರೆ, ಇವನೊಬ್ಬನನ್ನು ನನಗೆ ಬಿಡು, ಬಂದರೆ ಅಟ್ಟು ಎಂದು ಅವಳ ಮುಖಕ್ಕೇ ಹೇಳಿಬಿಟ್ಟೆ. ಅವಳು ನನ್ನನ್ನು ನೋಡಿದಳು. "ಆತು ಅಕ್ಕಾ," ಎಂದಳು, ಅಷ್ಟೇ.

ಮಾತಿಗೆ ತಪ್ಪಲಿಲ್ಲ. ಅವನು ಹೋದಾಗ ಬಾಗಿಲು ಹಾಕಿಕೊಂಡಳು. ಅವನು ಬಾಗಿಲು ಕೆರೆದ, ಆಮೇಲೆ ಬಂದು ನನ್ನ ಜಗುಲಿಯಲ್ಲಿ ಅತ್ತ ಮುಖ ಮಾಡಿ ಮಲಗಿದ. ಅನ್ನ ಮುಟ್ಟಲಿಲ್ಲ. ಗೇಟಿಗೆ ಯಾರು ಬಂದರೂ ಬೊಗಳಲಿಲ್ಲ. ಮರುದಿನ ತಟ್ಟೆ ಬದಲಿಸಿದೆ, ಮೊಟ್ಟೆ ಹಾಕಿದೆ, ಪಕ್ಕದಲ್ಲಿ ಕೂತು ಬಾಚಿದೆ. ಬಾಚಿಸಿಕೊಂಡ, ಆದರೆ ಕಣ್ಣು ಆ ಬಾಗಿಲ ಮೇಲೆಯೇ ಇತ್ತು. ಅವನ ಪಕ್ಕೆಲುಬು ಬೆರಳಿಗೆ ಸಿಗತೊಡಗಿದಾಗ ನನಗೆ ಹೆದರಿಕೆಯಾಯಿತು. ನಾನೇ ಹೋಗಿ ಅವಳ ಬಾಗಿಲು ಬಡಿದೆ. ಕಣ್ಣು ಕೆಂಪಾಗಿದ್ದವು ಅವಳವು. ಅವನನ್ನು ಹಗಲೆಲ್ಲ ನಿನ್ನ ಹತ್ತಿರವೇ ಇಟ್ಟುಕೋ ಎಂದೆ.

ಈಗ ನಾನು ಸಂಜೆ ಭಟ್ಕಳದಿಂದ ಬಂದು ಚಪ್ಪಲಿ ಬಿಡುವ ಹೊತ್ತಿಗೆ ಅವಳು ತನ್ನ ಜಗುಲಿಯಲ್ಲಿ ನಿಂತು ಅವನ ಬೆನ್ನು ತಟ್ಟುತ್ತಾಳೆ. "ಹೋಗು, ಅಕ್ಕ ಬಂತು, ಅಕ್ಕನ ಹತ್ರ ಹೋಗು," ಎನ್ನುತ್ತಾಳೆ. ಅವನು ಓಡಿ ಬಂದು ನನ್ನ ಮಡಿಲಿಗೆ ತಲೆಯಿಡುತ್ತಾನೆ, ಬಾಚಿಸಿಕೊಳ್ಳುತ್ತಾನೆ, ನನ್ನ ಮಂಚದ ಬುಡದಲ್ಲೇ ಮಲಗುತ್ತಾನೆ. ನೋಡಿದವರು ನನ್ನನ್ನು ಎಷ್ಟು ಹಚ್ಚಿಕೊಂಡಿದ್ದಾನೆ ಎನ್ನುತ್ತಾರೆ. ಅವಳು ಕೊಟ್ಟ ಕೆಲಸ ಅದು, ಅವನು ಚಾಚೂ ತಪ್ಪದೆ ಮಾಡುತ್ತಾನೆ.