ರಮಾಮಣಿಯವರ ಕಾವಲು

ಮಕ್ಕಳು ಪುಸ್ತಕ ಇಡುವ ಲಾಕರುಗಳ ಬಾಗಿಲುಗಳು ಧಡಧಡನೆ ಬಡಿದುಕೊಂಡವು, ಊಟದ ಬಿಡುವು. ನ್ಯೂಜೆರ್ಸಿಯ ಆ ಹೈಸ್ಕೂಲಿನ ಕಾರಿಡಾರು ಕಾಯುವ ರಮಾಮಣಿ ಎದುರಾದ ಮಕ್ಕಳನ್ನೆಲ್ಲ, ಮೈಸೂರಿನ ರೂಢಿಯಂತೆ, ಊಟ ಆಯಿತೇ ಎಂದು ಇಂಗ್ಲಿಷಿನಲ್ಲಿ ಕೇಳುತ್ತಿದ್ದರು. ಮಕ್ಕಳು ನಗುತ್ತಿದ್ದರು. ಉತ್ತರಿಸದೆ ತಲೆ ತಗ್ಗಿಸಿದ ಮಗು ಯಾರಿಗೋ ಹೆದರಿದೆಯೆಂದು ಅವರು ಬಲ್ಲರು.

೧೯೮೯ರಲ್ಲಿ ಮಗಳನ್ನು ಆ ಶಾಲೆಗೆ ಸೇರಿಸಲು ಬಂದ ಕನ್ನಡತಿ ಪಂಕಜಾ ದಿಗಿಲಿನಿಂದ ಕೇಳಿದಳು: “ಆಂಟಿ, ಇಲ್ಲಿ ಚಾಕು, ಗನ್ನು ತರ್ತಾರಂತೆ? ಸೇಫಾ?”

“ಏಳು ವರ್ಷದಲ್ಲಿ ಒಂದೇ ಚಾಕು ನೋಡಿದೀನಿ ಕಣಮ್ಮ, ಸೇಬು ಹೆಚ್ಚೋದು. ಒಂಟಿಯಾಗಿ ಊಟ ಮಾಡೋ ಮಕ್ಕಳನ್ನ ಮಾತ್ರ ದಿನಾ ನೋಡ್ತೀನಿ.”

“ಹಾಗಾದ್ರೆ ನನ್ನ ಮಗಳು...”

ಅಷ್ಟರಲ್ಲಿ ಹುಡುಗಿಯೊಬ್ಬಳು ಊಟದ ಚೀಲ ಎದೆಗವಚಿಕೊಂಡು, ಮೂರನೆಯ ದಿನವೂ ಟಾಯ್ಲೆಟ್ಟಿನೊಳಗೆ ಬಾಗಿಲು ಹಾಕಿಕೊಂಡು ಒಬ್ಬಳೇ ತಿನ್ನಲು ಹೊರಟಳು. “ಒಂದ್ನಿಮಿಷ ಇರಮ್ಮ” ಎಂದು ಪಂಕಜಾಗೆ ಹೇಳುತ್ತ ರಮಾಮಣಿ ತಮ್ಮ ಚಿತ್ರಾನ್ನದ ಡಬ್ಬಿ ಎತ್ತಿಕೊಂಡು ಅವಳ ಹಿಂದೆ ನಡೆದರು.