ಧ್ರುವಕುಮಾರನ ಕೊನೆಯ ಕಂತು

ಕುರುಬರಹಳ್ಳಿಯ ಜಗದಾಂಬಾ ಹತ್ತೊಂಬತ್ತು ವರ್ಷಗಳಿಂದ ಧ್ರುವಕುಮಾರನಾಗಿದ್ದರು. ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುವ ಅವರು ವಾರಪತ್ರಿಕೆಯೊಂದಕ್ಕೆ ಆಕಾಶನೌಕೆಯ ಧಾರಾವಾಹಿ ಬರೆಯಲು ಒಪ್ಪಿದಾಗ, ‘ಧ್ರುವಕುಮಾರ’ ಎಂಬ ಲೇಖಕನ ಹೆಸರು ಮಾತ್ರ ಪತ್ರಿಕೆಯದ್ದು ಎಂದು ಮಾತಾಗಿತ್ತು. ಅವರಿಗಿಂತ ಮೊದಲು ಇಬ್ಬರು ಗಂಡಸರು ಅದೇ ಹೆಸರಿನಲ್ಲಿ ಬರೆದು ಬಿಟ್ಟಿದ್ದರು. ಯಾರೋ ತೊಟ್ಟು ಬಿಟ್ಟ ಕೋಟಿನ ಹಾಗೆ ಅದು ಇವರ ಮೈಗೆ ಬಂತು.

ಸೋಮವಾರಕ್ಕೆ ಒಂದು ಕಂತು. ಮಗಳು ವಚನಾ ಹುಟ್ಟಿದ ವಾರವೂ ತಪ್ಪಲಿಲ್ಲ, ಗಂಡ ತೀರಿಕೊಂಡ ವಾರವೂ ತಪ್ಪಲಿಲ್ಲ. ಕಥೆಯ ಕ್ಯಾಪ್ಟನ್ ಅನಿಕೇತ ಯಾವ ಗ್ರಹದಲ್ಲೂ ಇಳಿಯಲಾರದೆ ಅಲೆಯುತ್ತಲೇ ಇದ್ದ.

ಅಲ್ಮೇರಾದಲ್ಲಿ ಒಂದು ನೀಲಿ ನೋಟ್‌ಬುಕ್ಕಿತ್ತು. ಈಗ ಚರಂಡಿಯಾಗಿರುವ ವೃಷಭಾವತಿ ನದಿಯ ನೀರನ್ನು ಕೆಂಗೇರಿಯ ಜನ ಮತ್ತೆ ಬೊಗಸೆಯಲ್ಲಿ ಎತ್ತಿ ಕುಡಿಯುವ ಕಾಲದ ಕಾದಂಬರಿ. ರಟ್ಟಿನ ಮೇಲೆ ‘ಜಗದಾಂಬಾ’ ಎಂದು ಬರೆದಿದ್ದರು. ಮೂರು ಅಧ್ಯಾಯವಾದ ಮೇಲೆ ಆರು ವರ್ಷದಿಂದ ಒಂದು ಸಾಲೂ ಸೇರಿರಲಿಲ್ಲ. ಎರಡು ಕಥೆಗಳನ್ನು ಬರೆಯಲು ಅವರಿಗೆ ವಾರ ಸಾಲುತ್ತಿರಲಿಲ್ಲ.

ಕೊನೆಗೆ ಧಾರಾವಾಹಿ ಮುಗಿಸುತ್ತೇನೆಂದು ಸಂಪಾದಕ ಮುರಳೀಕೃಷ್ಣರಿಗೆ ಹೇಳಿಯೇಬಿಟ್ಟರು. ಅವರೂ ಒಪ್ಪಿದರು. “ಅನಿಕೇತನ್ನ ಸಾಯಿಸಿಬಿಡಿ ಮೇಡಂ. ಆದ್ರೆ ಚೆನ್ನಾಗಿ ಸಾಯಿಸಿ, ಓದೋರು ಅಳಬೇಕು.”

ಜಗದಾಂಬಾ ತಾವೂ ಅತ್ತು ಬರೆದರು. ಗಾಳಿ ತೀರಿತು, ದೀಪ ಆರಿತು, ಅನಿಕೇತ ಕಣ್ಣು ಮುಚ್ಚಿದ. ತಿರುಗಿ ಓದದೆ ಕಳಿಸಿ, ಆ ಭಾನುವಾರ ತಲೆಗೆ ಎಣ್ಣೆ ಹಚ್ಚಿಕೊಂಡು ಸ್ನಾನ ಮಾಡಿದರು.

ಸಂಚಿಕೆ ಅಂಗಡಿಗೆ ಬಂದ ದಿನ ಮುರಳೀಕೃಷ್ಣರ ಫೋನು ಬಂತು.

“ಏನ್ ಮೇಡಂ, ಹೀಗೆ ಮಾಡ್ಬಿಟ್ರಿ! ಯಾರು ತಟ್ಟಿದ್ದು?”

“ಏನು ತಟ್ಟಿದ್ದು ಸಾರ್?”

“ಕೊನೇ ಸಾಲು ನೋಡಿ. ನಾನೂ ಓದ್ದೆ ಅಚ್ಚಿಗೆ ಕೊಟ್ಬಿಟ್ಟೆ.”

ವಚನಾ ಆಗಲೇ ಪತ್ರಿಕೆ ಹಿಡಿದು ನಗುತ್ತಿದ್ದಳು. “ಅಮ್ಮಾ, ‘ಅಷ್ಟರಲ್ಲಿ ನೌಕೆಯ ಬಾಗಿಲನ್ನು ಹೊರಗಿನಿಂದ ಯಾರೋ ತಟ್ಟಿದರು’ ಅಂತ ಬರ್ದಿದೀಯಲ್ಲ! ಸತ್ತೋನ್ ಮನೆಗೆ ನೆಂಟ್ರು ಬಂದ್ರಾ?”

ಪ್ರತಿ ಕಂತಿನ ತುದಿಯಲ್ಲೂ ಓದುಗರನ್ನು ಮುಂದಿನ ವಾರದ ತನಕ ಕಟ್ಟಿಹಾಕಲು ಹೀಗೊಂದು ಸಾಲು ಬರೆದು ಬರೆದು ಕೈಗೆ ರೂಢಿಯಾಗಿತ್ತು. ಅನಿಕೇತನನ್ನು ಸಾಯಿಸಿದ ಮೇಲೂ ಕೈ ತನ್ನ ಕೆಲಸ ಮಾಡಿ ಮುಗಿಸಿತ್ತು.

“ತಪ್ಪಾಯ್ತು ಸಾರ್. ಒಂದು ತಿದ್ದುಪಡಿ ಹಾಕಿಬಿಡಿ.”

“ತಿದ್ದುಪಡೀನಾ? ಸುಂಕದಕಟ್ಟೆಯಿಂದ ಒಬ್ರು ಬೆಳಿಗ್ಗೆಯಿಂದ ನಾಲ್ಕು ಸಲ ಫೋನ್ ಮಾಡಿದಾರೆ. ಇನ್ನು ನಿಲ್ಸೋಕಾಗಲ್ಲ. ನಿಮಗೆ ಬೇಡ ಅಂದ್ರೆ ಬಿಡಿ, ಬಲವಂತ ಇಲ್ಲ. ಹೆಸರು ನಮ್ದೇ ತಾನೆ? ಭೈರೇಶ್ ಅಂತ ಒಬ್ಬ ಹುಡುಗ ಸೀರಿಯಲ್ಲಿಗೆ ಬರೀತಾನೆ, ಅವನ ಕೈಲಿ ಬರೆಸ್ತೀನಿ. ತಟ್ಟಿದ್ದು ಅನಿಕೇತನ ಹೆಂಡ್ತಿ ಅಂತಾನೆ ಅವನು.”

“ಅವನಿಗೆ ಮದುವೆನೇ ಆಗಿಲ್ವಲ್ಲ ಸಾರ್!”

“ಆಗಿತ್ತು, ಮರೆತಿದ್ದ ಅಂತ ಮಾಡಿದ್ರಾಯ್ತು.”

ಜಗದಾಂಬಾ ವಚನಾಳ ಕೈಯಿಂದ ಪತ್ರಿಕೆ ತೆಗೆದುಕೊಂಡು ಆ ಸಾಲನ್ನು ನೋಡಿದರು. ಹತ್ತೊಂಬತ್ತು ವರ್ಷ ಒಂಟಿಯಾಗಿ ಅಲೆದವನನ್ನು, ಅವನ ಮೌನವನ್ನು ಬಲ್ಲವರು ತಾವೊಬ್ಬರೇ. ಬೇರೊಬ್ಬರ ಕೈಗೆ ಕೊಡಲು ಮನಸ್ಸು ಬರಲಿಲ್ಲ. ಅದಕ್ಕಿಂತ ಕಷ್ಟದ ವಿಷಯವೆಂದರೆ, ಫೋನು ಕಿವಿಯಲ್ಲಿರುವಾಗಲೇ ಬಾಗಿಲು ತಟ್ಟಿದವರು ಯಾರೆಂದು ಅವರಿಗೆ ಹೊಳೆದುಬಿಟ್ಟಿತ್ತು.

“ಸೋಮವಾರ ಕಳಿಸ್ತೀನಿ” ಎಂದರು.

ಊಟದ ಮೇಜಿನ ಮೇಲೆ ಬಿಳಿ ಹಾಳೆಗಳನ್ನು ಹರಡಿದರು. ಮೇಜಿಗೆ ಹಾಸಿದ್ದ ಗಾಜಿನ ಮೇಲೆ ಪೆನ್ನು ಜಾರಿತು. ಅಲ್ಮೇರಾ ತೆರೆದು ನೀಲಿ ನೋಟ್‌ಬುಕ್ ತಂದು, ರಟ್ಟಿನಲ್ಲಿದ್ದ ತಮ್ಮ ಹೆಸರಿನ ಮೇಲೆ ಹಾಳೆಯಿಟ್ಟು ಅನಿಕೇತನ ಮುಂದಿನ ಕಂತನ್ನು ಒತ್ತಿ ಬರೆಯತೊಡಗಿದರು.