ಎತ್ತಿನ ನಾಲ್ಕನೇ ಕಾಲು

ನಮ್ಮ ಗುಂಪಿನ ಕೆಲಸ ಹೊರಗಿನವರಿಗೆ ವಿಚಿತ್ರವಾಗಿ ಕಾಣುತ್ತದೆ. ಗಟ್ಟಿಗರು ಬೆಟ್ಟ ಹತ್ತಿ, ಬಂಡೆಗಳ ಮೇಲೆ ಆದಿಮಾನವರು ಬರೆದ ಚಿತ್ರಗಳ ಫೋಟೋ ತೆಗೆದು ತರುತ್ತಾರೆ. ಮಂಡಿನೋವಿನ ನನ್ನಂಥವರು ಬಸವೇಶ್ವರನಗರದ ಮನೆಯಲ್ಲಿ ಕೂತು, ಕಂಪ್ಯೂಟರಿನಲ್ಲಿ ಆ ಫೋಟೋದ ಮೇಲೆ ಗೆರೆ ಎಳೆದು ನಕಲು ತೆಗೆಯುತ್ತೇವೆ. ಒಂದೇ ಫೋಟೋವನ್ನು ಮೂವರು, ಒಬ್ಬರದನ್ನೊಬ್ಬರು ನೋಡದೆ ಬರೆಯಬೇಕು. ಮೂರೂ ಹೊಂದಿದರೆ ಮಾತ್ರ ಚಿತ್ರ ವೆಬ್‌ಸೈಟಿಗೆ ಏರುತ್ತದೆ. ಅಲ್ಲಿ ಯಾರು ಬೇಕಾದರೂ ನೋಡಬಹುದು, ತಮಗೆ ಗೊತ್ತಿದ್ದದ್ದನ್ನು ಕೆಳಗೆ ಸೇರಿಸಬಹುದು.

ಬಹಳ ವರ್ಷ ಡ್ರಾಯಿಂಗ್ ಮೇಷ್ಟರಾಗಿದ್ದ ನನಗೆ ಇದು ನೀರು ಕುಡಿದಷ್ಟು ಸುಲಭ ಅನ್ನಿಸಿತ್ತು. ನನ್ನ ಪಾಲಿಗೆ ಬಂದ ಮೊದಲ ಚಿತ್ರ ಕೆಮ್ಮಣ್ಣಿನ ಬಣ್ಣದ ಒಂದು ಎತ್ತು. ಮುಗಿಯುವ ಮೊದಲೇ ನೆಂಟರಿಗೆಲ್ಲ ಫೋನ್ ಮಾಡಿ, ನನ್ನ ಎತ್ತನ್ನು ಪ್ರಪಂಚವೇ ನೋಡಲಿದೆ ಎಂದು ಡಂಗುರ ಸಾರಿದ್ದೆ.

ಭಾನುವಾರ ಬೆಳಗ್ಗೆ ವಿಜಯನಗರದ ಹೋಟೆಲೊಂದರಲ್ಲಿ ಆ ಎತ್ತನ್ನು ಬರೆದ ಮೂವರೂ ನಮ್ಮ ನಮ್ಮ ನಕಲಿನ ಪ್ರಿಂಟ್ ಹಿಡಿದು ಹೋಲಿಸಿ ನೋಡಲು ಸೇರಿದೆವು: ನಾನು, ಹೊಸಹಳ್ಳಿಯ ಒಬ್ಬ ನಿವೃತ್ತ ಸರ್ವೇಯರು, ಮತ್ತು ನಮ್ಮ ಮನೆಯ ಕೆಳಗೆ ಕ್ಲಿನಿಕ್ ಇಟ್ಟಿರುವ ಹಲ್ಲಿನ ಡಾಕ್ಟರಮ್ಮ. ಫೋಟೋ ತೆಗೆದವರೂ ಅವರೇ. ಕಾಫಿ ಬರುವಷ್ಟರಲ್ಲಿ ಅವರ ಕಣ್ಣು ನನ್ನ ಹಾಳೆಯ ಮೇಲೆ ನಿಂತಿತು.

"ಸಾರ್, ಈ ಮುಂಗಾಲು ಎಲ್ಲಿಂದ ಬಂತು?"

"ಎತ್ತಿಗೆ ನಾಲ್ಕು ಕಾಲಿರುತ್ತೆ ಕಣಮ್ಮ."

"ಫೋಟೋದಲ್ಲಿ ಮೂರೇ ಇರೋದು. ನಾವಿಬ್ರೂ ಮೂರೇ ಬರೆದಿದೀವಿ."

ನನಗೆ ರೇಗಿತು. ಮಕ್ಕಳ ಚಿತ್ರಗಳನ್ನು ತಿದ್ದಿ ತಿದ್ದಿ ಪಳಗಿದ ಕೈ ಇದು, ಅರ್ಧಂಬರ್ಧ ಎತ್ತನ್ನು ಕಳಿಸುವುದಿಲ್ಲ ಎಂದು ವಾದಕ್ಕಿಳಿದೆ. ಡಾಕ್ಟರಮ್ಮ ಸಮಾಧಾನವಾಗಿ, "ಬಿದ್ದೋಗಿರೋ ಹಲ್ಲನ್ನ ಎಕ್ಸ್‌ರೇನಲ್ಲಿ ನಾನೇ ಬರೆದು ಕೊಟ್ರೆ ಒಪ್ತೀರಾ ಸಾರ್?" ಎಂದರು. ಕಾಲು ಅಳಿಸದೆ ಎತ್ತು ವೆಬ್‌ಸೈಟಿಗೆ ಏರುವಂತಿರಲಿಲ್ಲ.

ಮುಖ ಊದಿಸಿಕೊಂಡು ಮನೆಗೆ ಬಂದು ಫೋಟೋವನ್ನು ಆದಷ್ಟು ದೊಡ್ಡದು ಮಾಡಿ ನೋಡಿದೆ. ಕಾಲಿರಬೇಕಾದ ಕಡೆ ಬಂಡೆಯ ಚಕ್ಕೆಯೇ ಎದ್ದು ಹೋಗಿತ್ತು. ನಾನು ಗೆರೆ ಎಳೆದದ್ದು ಇಲ್ಲದ ಕಲ್ಲಿನ ಮೇಲೆ. ನಾಚಿಕೆಯಾಯಿತು. ಕಾಲನ್ನು ಅಳಿಸಿ, ಚಕ್ಕೆ ಎದ್ದ ಅಂಚನ್ನಷ್ಟೇ ಚುಕ್ಕಿಗಳಲ್ಲಿ ಗುರುತು ಮಾಡಿದೆ. ಎತ್ತು ಮೂರು ಕಾಲಿನಲ್ಲೇ ಏರಿತು. "ಇನ್ನೊಂದು ಕಾಲು ಬರೆಯೋಕೆ ಟೈಮ್ ಸಿಗ್ಲಿಲ್ವಾ?" ಎಂದು ನೆಂಟರೊಬ್ಬರು ಕಿಚಾಯಿಸಿದರು.

ಕೆಲವು ವಾರಗಳ ನಂತರ ಚಿತ್ರದ ಕೆಳಗೆ ಒಂದು ಹಳೆಯ ಫೋಟೋ ಬಂದು ಸೇರಿತು. ಹಾಕಿದವರು ಆ ಬೆಟ್ಟದ ಪಕ್ಕದ ಊರಿನ ಒಬ್ಬ ಮಹಿಳೆ. ಶಾಲೆಯಲ್ಲಿದ್ದಾಗ ಗೆಳತಿಯರ ಜೊತೆ ಅದೇ ಬಂಡೆಯ ಮುಂದೆ ನಿಂತು ತೆಗೆಸಿಕೊಂಡದ್ದಂತೆ. ಆಗಿನ್ನೂ ಚಕ್ಕೆ ಬಿದ್ದಿರಲಿಲ್ಲ. 'ನಿಮ್ಮ ಚಿತ್ರದಲ್ಲಿ ಅಷ್ಟು ಜಾಗ ಖಾಲಿ ಬಿಟ್ಟಿದ್ದು ನೋಡಿ ಇದನ್ನು ಹುಡುಕಿದೆ' ಎಂದು ಬರೆದಿದ್ದರು.

ಮೆಟ್ಟಿಲಿಳಿದು ಹೋಗಿ ಡಾಕ್ಟರಮ್ಮನಿಗೆ ಫೋಟೋ ತೋರಿಸಿದೆ. ಎರಡು ಜಡೆಗಳ ಹುಡುಗಿಯರ ನಡುವೆ ನಮ್ಮ ಎತ್ತು ನಾಲ್ಕೂ ಕಾಲುಗಳೊಂದಿಗೆ ಕಾಣುತ್ತಿತ್ತು. ನಾನು ಕಂಬದ ಹಾಗೆ ನೆಟ್ಟಗೆ ಊರಿಸಿದ್ದ ಮುಂಗಾಲನ್ನು ಅದು ಮಡಚಿ ಎದೆಯ ಮಟ್ಟಕ್ಕೆ ಎತ್ತಿತ್ತು. ಎತ್ತು ಓಡುತ್ತಿತ್ತು. ಅದನ್ನು ನಾನು ಕಟ್ಟಿಹಾಕಿಬಿಡುತ್ತಿದ್ದೆನಲ್ಲ ಎಂದು ನೆನೆದು ಇಬ್ಬರೂ ನಕ್ಕೆವು.